ಆಪರೇಷನ್ ಯಶಸ್ವಿ ಅಂತ ಹೇಳಬೇಕಾದವರು ಯಾರು? ಗುದನಾಳದ ಕ್ಯಾನ್ಸರ್ ಮತ್ತು ಐದು ಪ್ರಶ್ನೆಗಳು

2022ರ ಜೂನ್‌ನಲ್ಲಿ ಒಂದು ಸುದ್ದಿ ವಾಟ್ಸಾಪ್‌ನಲ್ಲೆಲ್ಲ ಓಡಾಡಿತ್ತು. ಅಮೆರಿಕದಲ್ಲಿ ಗುದನಾಳದ ಕ್ಯಾನ್ಸರ್ ಇದ್ದ 12 ಮಂದಿಗೆ ದೋಸ್ಟಾರ್ಲಿಮ್ಯಾಬ್ ಎಂಬ ಔಷಧ ಕೊಟ್ಟರು, 12 ಮಂದಿಯಲ್ಲೂ ಗೆಡ್ಡೆ ಕಾಣದಂತಾಯಿತು, ಆಪರೇಷನ್ನೇ ಬೇಕಾಗಲಿಲ್ಲ ಅಂತ. ಮರುವರ್ಷ ಇನ್ನೊಂದು ಸುದ್ದಿ ಬಂತು. ಈ ಕ್ಯಾನ್ಸರ್‌ಗೆ ಎಲ್ಲರಿಗೂ ರೇಡಿಯೇಷನ್ ಬೇಕಿಲ್ಲವಂತೆ. ಇತ್ತ ಕೊಡಗಿನ ಮನೆಗಳಿಗೆ ಬರುವ ಪೇಪರ್‌ಗಳಲ್ಲಿ ಆಗಾಗ ಬೇರೆ ಥರದ ಸುದ್ದಿ ಇರುತ್ತದೆ: ಶಾಶ್ವತ ಬ್ಯಾಗ್ (ಮಲ ಸೇರಲು ಹೊಟ್ಟೆಯ ಮೇಲೆ ಅಂಟಿಸುವ ಚೀಲ) ಇಲ್ಲದೆ ಗುದನಾಳದ ಕ್ಯಾನ್ಸರ್ ಆಪರೇಷನ್, ರೋಗಿ ಗುಣಮುಖ.

ಓದುವವರಿಗೆ ತಲೆ ಕೆಡುತ್ತದೆ. ಆಪರೇಷನ್ ಅಷ್ಟು ಚೆನ್ನಾಗಿ ಆಗುತ್ತದೆ ಅಂದಮೇಲೆ ಅದನ್ನು ತಪ್ಪಿಸೋಕೆ ಡಾಕ್ಟರುಗಳು ಯಾಕೆ ಇಷ್ಟು ಒದ್ದಾಡುತ್ತಿದ್ದಾರೆ? ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ವಿಷಯದಲ್ಲಿ ಇದಕ್ಕೆ ಉತ್ತರ ಇದೆ. ಆಪರೇಷನ್ ಆದವರು ಆಮೇಲೆ ದಿನಕ್ಕೆ ಎಷ್ಟು ಸಲ ಟಾಯ್ಲೆಟ್‌ಗೆ ಹೋಗುತ್ತಾರೆ, ತಡೆದುಕೊಳ್ಳೋಕೆ ಆಗುತ್ತದೋ ಇಲ್ಲವೋ ಎಂಬುದು ಆ ವಿಷಯ. ಹೇಳಿಕೊಳ್ಳೋಕೆ ಮುಜುಗರ. ಕೇಳೋಕೂ ಮುಜುಗರ. ಆದರೆ ಕ್ಯಾನ್ಸರ್ ಹೋದಮೇಲೆ ಬದುಕು ಹೇಗಿರುತ್ತದೆ ಅನ್ನೋದರ ಬಹುಪಾಲು ಇದರ ಮೇಲೇ ನಿಂತಿದೆ.

ಗೋದಾಮು ಹೋದರೆ

ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಭಾಗ, ಸುಮಾರು 12ರಿಂದ 15 ಸೆಂಟಿಮೀಟರ್ ಉದ್ದ. ಅದು ಬರೀ ಪೈಪ್ ಅಲ್ಲ, ಗೋದಾಮಿನ ಹಾಗೆ. ಮೇಲಿನಿಂದ ಬಂದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಗ್ಗುತ್ತದೆ. ಒಳಗಿರುವುದು ಗಾಳಿಯೋ, ನೀರೋ, ಗಟ್ಟಿಯೋ ಎಂದು ಅಲ್ಲಿ ಕೆಳಗಿನ ನರಗಳು ಗುರುತಿಸುತ್ತವೆ. 'ಈಗ ಬೇಡ, ಮನೆಗೆ ಹೋದಮೇಲೆ' ಅಂತ ನಾವು ನಿರ್ಧಾರ ಮಾಡೋಕೆ ಆಗುವುದು ಈ ವ್ಯವಸ್ಥೆ ಇರುವುದರಿಂದ.

ಆಪರೇಷನ್‌ನಲ್ಲಿ ಗೆಡ್ಡೆ ಇರುವ ಭಾಗವನ್ನೂ ಸುತ್ತಲಿನ ಕೊಬ್ಬಿನ ಪದರವನ್ನೂ ಒಟ್ಟಿಗೆ ತೆಗೆಯುತ್ತಾರೆ. ಇಂಗ್ಲೆಂಡಿನ ಸರ್ಜನ್ ಬಿಲ್ ಹೀಲ್ಡ್ 1982ರಲ್ಲಿ ವಿವರಿಸಿದ ಈ ವಿಧಾನ ಹರಡಿದ ಮೇಲೆ ಕ್ಯಾನ್ಸರ್ ಅದೇ ಜಾಗದಲ್ಲಿ ಮರಳಿ ಬರುವುದು ತುಂಬಾ ಕಡಿಮೆಯಾಯಿತು. ಆಮೇಲೆ ಮೇಲಿನ ಕರುಳನ್ನು ಕೆಳಕ್ಕೆ ಎಳೆದು ಮಲದ್ವಾರದ ಹತ್ತಿರ ಜೋಡಿಸುತ್ತಾರೆ. ಜೋಡಣೆ ಕೂಡಿಕೊಳ್ಳಲಿ ಎಂದು ಕೆಲವು ವಾರ ಅಥವಾ ತಿಂಗಳು ಹೊಟ್ಟೆಯ ಮೇಲೆ ತಾತ್ಕಾಲಿಕ ಬ್ಯಾಗ್ ಇಡುವುದುಂಟು.

ಹೊಸದಾಗಿ ಬಂದು ಕೂತ ಕರುಳು ಹಳೆಯ ಗುದನಾಳದಷ್ಟು ಹಿಗ್ಗುವುದಿಲ್ಲ. ಸ್ವಲ್ಪ ತುಂಬಿದರೂ ಒತ್ತಡ ಏರುತ್ತದೆ, ಅದರಿಂದ ಅವಸರ. ಒಮ್ಮೆಗೆ ಪೂರ್ತಿ ಖಾಲಿಯಾಗದೆ ಇರುವುದರಿಂದ ಹೋಗಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಕರೆ. ನರಗಳಿಗೆ ಪೆಟ್ಟಾಗಿದ್ದರೆ ಗಾಳಿಗೂ ನೀರಿಗೂ ವ್ಯತ್ಯಾಸ ತಿಳಿಯದೆ ಬಟ್ಟೆ ಒದ್ದೆಯಾಗಬಹುದು. ರೇಡಿಯೇಷನ್ ಆಗಿದ್ದರೆ ಆ ಭಾಗ ಗಡುಸಾಗಿ ಹಿಗ್ಗುವುದು ಇನ್ನೂ ಕಡಿಮೆ. ಗೆಡ್ಡೆ ಕೆಳಗೆ ಇದ್ದಷ್ಟೂ ತೊಂದರೆ ಜಾಸ್ತಿ. ಈ ಎಲ್ಲವನ್ನೂ ಸೇರಿಸಿ ವೈದ್ಯರು 'ಲಾರ್ಸ್' ಎನ್ನುತ್ತಾರೆ. ಗುದನಾಳವನ್ನು ಕೆಳಮಟ್ಟದಲ್ಲಿ ಕತ್ತರಿಸಿ ಜೋಡಿಸಿದ ಮೇಲೆ ಬರುವ ತೊಂದರೆಗಳ ಗುಂಪಿನ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಅವು.

ಎಷ್ಟು ಮಂದಿಗೆ? ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ 2018ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 41 ಮಂದಿಯಲ್ಲಿ ತೀವ್ರ ಮಟ್ಟದ ಲಾರ್ಸ್ ಕಂಡಿತು. ಕಾಲ ಕಳೆದರೆ ತಾನೇ ಹೋಗುತ್ತದೆ ಎಂಬ ಸಮಾಧಾನವೂ ಪೂರ್ತಿ ನಿಜವಲ್ಲ. ಮೊದಲ ಒಂದು, ಒಂದೂವರೆ ವರ್ಷ ಸುಧಾರಿಸುತ್ತದೆ, ಆಮೇಲೆ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ನೆದರ್ಲೆಂಡ್ಸ್‌ನಲ್ಲಿ ಆಪರೇಷನ್ ಆಗಿ ಸುಮಾರು 14 ವರ್ಷ ಕಳೆದವರನ್ನು ಕೇಳಿದಾಗಲೂ 46 ಶೇಕಡಾ ಜನರಲ್ಲಿ ತೀವ್ರ ತೊಂದರೆ ಉಳಿದಿತ್ತು. ರೇಡಿಯೇಷನ್ ಆದವರಲ್ಲಿ 56, ಆಗದವರಲ್ಲಿ 35. ರೇಡಿಯೇಷನ್ ಬಿಡಬಹುದಾ, ಆಪರೇಷನ್ನೇ ಬಿಡಬಹುದಾ ಎಂಬ ಪ್ರಯೋಗಗಳ ಹಿಂದೆ ಇರುವ ಒತ್ತಡ ಈ ಅಂಕಿಗಳಲ್ಲಿ ಕಾಣುತ್ತದೆ.

ಅಂದಹಾಗೆ, ಆ 12 ಮಂದಿಯ ಸುದ್ದಿ ಸುಳ್ಳಲ್ಲ. ಆದರೆ ಅವರೆಲ್ಲರ ಗೆಡ್ಡೆಯಲ್ಲಿ ಒಂದು ವಿಶೇಷ ಜೀನ್ ದೋಷ ಇತ್ತು. ಗುದನಾಳದ ಕ್ಯಾನ್ಸರ್ ಇರುವವರಲ್ಲಿ ಅಂಥವರು ಕೆಲವೇ ಮಂದಿ. ಉಳಿದವರಲ್ಲಿ ಬಹಳಷ್ಟು ಜನರಿಗೆ ಆಪರೇಷನ್ ಈಗಲೂ ತಪ್ಪಿದ್ದಲ್ಲ.

'ಪರವಾಗಿಲ್ಲ ಡಾಕ್ಟ್ರೇ'

ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಕಾಣುತ್ತದೆ, ರಕ್ತಪರೀಕ್ಷೆಯಲ್ಲಿ ಸುಳಿವು ಸಿಗುತ್ತದೆ. ಟಾಯ್ಲೆಟ್‌ಗೆ ಓಡುವ ಅವಸರ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ರೋಗಿಯೇ ಹೇಳಬೇಕು. ರೋಗಿಯೋ, ಐದು ನಿಮಿಷದ ಭೇಟಿಯಲ್ಲಿ, ಹಿಂದೆ ಸಾಲು ನಿಂತಿರುವಾಗ, 'ಪರವಾಗಿಲ್ಲ ಡಾಕ್ಟ್ರೇ' ಅಂದುಬಿಡುತ್ತಾರೆ. ಜೀವ ಉಳಿಸಿದವರ ಮುಂದೆ ಕೂತು ಹೂಸು ತಡೆಯಲಾಗುತ್ತಿಲ್ಲ ಅಂತ ದೂರು ಹೇಳೋದು ಹೇಗೆ, ಅಲ್ವಾ?

ಡಾಕ್ಟರ್ ತಾವೇ ಊಹಿಸಿದರೂ ತಪ್ಪುತ್ತದೆ. ತಜ್ಞರಿಗೆ ಯಾವ ತೊಂದರೆ ದೊಡ್ಡದಾಗಿ ಕಾಣುತ್ತದೆ, ರೋಗಿಗಳಿಗೆ ಯಾವುದು ಎಂದು 2014ರ ಒಂದು ಅಧ್ಯಯನ ಹೋಲಿಸಿ ನೋಡಿತು. ನೀರಾಗಿ ಸೋರುವುದು, ಎಷ್ಟು ಸಲ ಹೋಗುತ್ತಾರೆ ಎಂಬ ಲೆಕ್ಕ, ಇವನ್ನು ತಜ್ಞರು ಇರುವುದಕ್ಕಿಂತ ದೊಡ್ಡದು ಮಾಡಿಕೊಂಡಿದ್ದರು. ಅವಸರವನ್ನೂ, ಒಂದರ ಹಿಂದೆ ಒಂದು ಮತ್ತೆ ಮತ್ತೆ ಹೋಗಬೇಕಾಗುವುದನ್ನೂ ಕಡಿಮೆ ಅಂದುಕೊಂಡಿದ್ದರು. ಅದಕ್ಕೇ ರೋಗಿಯ ಬಾಯಿಂದ ಬಂದದ್ದನ್ನು ಲೆಕ್ಕಕ್ಕೆ ತರುವ ಅಳತೆಗೋಲುಗಳು ಬೇಕಾದವು.

ಐದು ಪ್ರಶ್ನೆ, 42 ಅಂಕ

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆ 2005ರಲ್ಲಿ 18 ಪ್ರಶ್ನೆಗಳ ಪಟ್ಟಿ ಮಾಡಿತ್ತು. ವಿವರವಾದದ್ದು, ಆದರೆ ಉದ್ದ. 2012ರಲ್ಲಿ ಡೆನ್ಮಾರ್ಕ್‌ನ ಎಮ್ಮರ್ಟ್ಸೆನ್ ಮತ್ತು ಲೌರ್ಬರ್ಗ್ ಅಲ್ಲಿನ 961 ರೋಗಿಗಳ ಉತ್ತರ ಇಟ್ಟುಕೊಂಡು ಐದೇ ಪ್ರಶ್ನೆಗಳ ಲಾರ್ಸ್ ಅಂಕಪಟ್ಟಿ ಮಾಡಿದರು. ಈಗ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದು.

ಪ್ರಶ್ನೆಗಳು ಸರಳ. ಗಾಳಿ ತಡೆಯಲಾಗದೆ ಹೋಗುತ್ತದೆಯೇ? ನೀರಾದ ಮಲ ಗೊತ್ತಿಲ್ಲದೆ ಸೋರುತ್ತದೆಯೇ? ದಿನಕ್ಕೆ ಎಷ್ಟು ಸಲ ಹೋಗುತ್ತೀರಿ? ಹೋಗಿ ಬಂದ ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ? ಓಡಲೇಬೇಕು ಅನ್ನುವಷ್ಟು ಅವಸರ ಆಗುತ್ತದೆಯೇ? ಒಟ್ಟು 42 ಅಂಕ. 20ರವರೆಗೆ ತೊಂದರೆ ಇಲ್ಲ, 21ರಿಂದ 29 ಸಣ್ಣ ಮಟ್ಟ, 30 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತೀವ್ರ.

ಲೆಕ್ಕ ಹೇಗೆ ನಡೆಯುತ್ತದೆ ಅಂತ ನೋಡೋಕೆ ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ಪೊನ್ನಂಪೇಟೆ ಕಡೆಯ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು. ಅವರಿಗೆ ಗಾಳಿ ಯಾವಾಗಲೋ ಅಪರೂಪಕ್ಕೆ ತಪ್ಪುತ್ತದೆ, 4 ಅಂಕ. ಸೋರುವುದಿಲ್ಲ, ಸೊನ್ನೆ. ದಿನಕ್ಕೆ ಐದು ಸಲ, 2 ಅಂಕ. ಒಂದು ಗಂಟೆಯೊಳಗೆ ಮತ್ತೆ ಹೋಗುವುದು ವಾರಕ್ಕೊಮ್ಮೆಯಾದರೂ ಇದೆ, 11. ಅವಸರವೂ ವಾರಕ್ಕೊಮ್ಮೆಯಾದರೂ, 16. ಒಟ್ಟು 33, ಅಂದರೆ ತೀವ್ರ. ಇನ್ನೊಬ್ಬರು ಕುಶಾಲನಗರದ ಅಂಗಡಿಯವರು. ಗಾಳಿ ಪ್ರತಿ ವಾರವೂ ತಪ್ಪುತ್ತದೆ, 7. ಸೋರುತ್ತದೆ, 3. ದಿನಕ್ಕೆ ಎಂಟು ಸಲ, 4. ಮತ್ತೆ ಹೋಗಬೇಕಾಗುವುದು ಅಪರೂಪಕ್ಕೆ, 9. ಅವಸರ ಇಲ್ಲ, ಸೊನ್ನೆ. ಒಟ್ಟು 23, ಸಣ್ಣ ಮಟ್ಟ.

ಎಂಟು ಸಲ ಹೋಗುವವರಿಗೆ, ಬಟ್ಟೆ ಕೊಳೆಯಾಗುವವರಿಗೆ ಕಡಿಮೆ ಅಂಕ. ಐದು ಸಲ ಹೋಗುವ, ಒಂದು ಹನಿಯೂ ಸೋರದ ರೈಟರ್‌ಗೆ ಜಾಸ್ತಿ! ಮೊದಲ ನೋಟಕ್ಕೆ ತಮಾಷೆ ಅನ್ನಿಸುತ್ತದೆ. ಆದರೆ ಅಂಕಗಳನ್ನು ಹಂಚಿದ್ದು ಡಾಕ್ಟರುಗಳು ಕೂತು ಮಾಡಿದ ಅಂದಾಜಿನಿಂದಲ್ಲ. ಯಾವ ತೊಂದರೆ ಇದ್ದವರು 'ನನ್ನ ಬದುಕು ಹಾಳಾಗಿದೆ' ಅಂದರು ಎಂಬುದನ್ನು ನೋಡಿ ಹಂಚಿದ್ದು. ಸೋರುವುದಕ್ಕೆ ಪ್ಯಾಡ್ ಇಟ್ಟುಕೊಳ್ಳಬಹುದು. ಎಂಟು ಸಲ ಹೋಗುವುದು ಗೊತ್ತಿದ್ದರೆ ದಿನವನ್ನು ಅದರ ಸುತ್ತ ಹೊಂದಿಸಿಕೊಳ್ಳಬಹುದು. ಯಾವ ಹೊತ್ತಿಗೆ ಓಡಬೇಕಾಗುತ್ತದೋ ಗೊತ್ತಿಲ್ಲದಿದ್ದರೆ ತೋಟದ ಒಳಗೆ, ಕೊಯ್ಲು ನಡೆಯುವ ಗುಡ್ಡದ ಆ ತುದಿಗೆ ಹೋಗೋಕೇ ಧೈರ್ಯ ಬರುವುದಿಲ್ಲ.

ಅಂಕಕ್ಕೆ ಕಾಣದ್ದು

ಹಾಗಂತ ಈ ಅಂಕಪಟ್ಟಿಯನ್ನು ಎಲ್ಲರೂ ಒಪ್ಪುವುದಿಲ್ಲ. ತಕರಾರುಗಳಲ್ಲಿ ತೂಕವೂ ಇದೆ.

ಮೊದಲನೆಯದು, ಆಪರೇಷನ್ ಆಗದವರಿಗೂ ಅಂಕ ಬರುತ್ತದೆ. ಡೆನ್ಮಾರ್ಕ್‌ನ ಸಾಮಾನ್ಯ ಜನರನ್ನೇ ಕೇಳಿದಾಗ 50ರಿಂದ 79 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 19 ಮಂದಿ, ಗಂಡಸರಲ್ಲಿ ಸುಮಾರು 10 ಮಂದಿ 'ತೀವ್ರ' ಗುಂಪಿಗೇ ಬಿದ್ದರು. ಅವರಿಗೆ ಕ್ಯಾನ್ಸರೂ ಇರಲಿಲ್ಲ, ಆಪರೇಷನ್ನೂ ಆಗಿರಲಿಲ್ಲ. ವಯಸ್ಸು, ಹೆರಿಗೆ, ಶುಗರ್ ಕಾಯಿಲೆ, ಹೀಗೆ ಅವಸರಕ್ಕೆ ಕಾರಣ ಹಲವು. ಆದ್ದರಿಂದ ಆಪರೇಷನ್‌ಗೆ ಮುಂಚೆ ಒಮ್ಮೆ ಕೇಳಿ ಬರೆದಿಡದೆ, ಆಮೇಲೆ ಬಂದ ಅಂಕವನ್ನೆಲ್ಲ ಕತ್ತರಿಯ ತಲೆಗೆ ಕಟ್ಟುವುದು ಸರಿಯಲ್ಲ. (ಗೆಡ್ಡೆಯೇ ಅವಸರ ತರುವುದರಿಂದ ಮುಂಚಿನ ಅಂಕವೂ ಪೂರ್ತಿ ಶುದ್ಧವಲ್ಲ. ಆದರೂ ಇಲ್ಲದ್ದಕ್ಕಿಂತ ವಾಸಿ.)

ಎರಡನೆಯದು ಗಡಿಯ ಸಮಸ್ಯೆ. 29 ಅಂದರೆ ಸಣ್ಣದು, 30 ಅಂದರೆ ತೀವ್ರ. ಒಂದು ಅಂಕಕ್ಕೆ ಮನುಷ್ಯನ ಹೊಟ್ಟೆಯಲ್ಲಿ ಏನೂ ಬದಲಾಗಿರುವುದಿಲ್ಲ. ತಿಣುಕಿ ತಿಣುಕಿ ಕೂತರೂ ಖಾಲಿಯಾಗದ ತೊಂದರೆಯನ್ನಂತೂ ಈ ಐದು ಪ್ರಶ್ನೆಗಳು ನೇರವಾಗಿ ಕೇಳುವುದೇ ಇಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜನ ಹೊಂದಿಕೊಂಡುಬಿಡುತ್ತಾರೆ, ಆಗ ಅಂಕ ಇಳಿಯುತ್ತದೆ. ಅದೇ ರೈಟರ್ ಮಡಿಕೇರಿಯಿಂದ ಮೈಸೂರಿಗೆ ಬಸ್ ಹತ್ತಬೇಕು ಅಂದುಕೊಳ್ಳಿ. ಸುಮಾರು 120 ಕಿಲೋಮೀಟರ್. ಜಿಲ್ಲೆಗೆ ರೈಲಿಲ್ಲ, ಬಸ್ಸಿನಲ್ಲಿ ಟಾಯ್ಲೆಟ್ ಇಲ್ಲ. ಹಿಂದಿನ ರಾತ್ರಿ ಊಟ ಬಿಡುತ್ತಾರೆ. ಬೆಳಗ್ಗೆ ಕಾಫಿ ಮುಟ್ಟುವುದಿಲ್ಲ, ಯಾಕೆಂದರೆ ಕಾಫಿ ಕುಡಿದ ಕೆಲವೇ ನಿಮಿಷಕ್ಕೆ ಕರುಳು ಚುರುಕಾಗುತ್ತದೆ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಟಾಯ್ಲೆಟ್ ಎಲ್ಲಿದೆ ಅಂತ ಅವರಿಗೆ ಬಾಯಿಪಾಠ. ಮದುವೆಗೆ ಹೋದರೆ ಪಂದಿ ಕರಿಯ ಪಾತ್ರೆಯಿಂದ ದೂರ, ಬಾಗಿಲ ಪಕ್ಕದ ಕುರ್ಚಿ. ಕೊನೆಗೆ ಮದುವೆಗೆ ಹೋಗುವುದನ್ನೇ ಬಿಡುತ್ತಾರೆ. ಆಗ ಕೇಳಿ ನೋಡಿ: ಅವಸರ ಆಗುತ್ತಾ? 'ಈಗ ಅಷ್ಟಿಲ್ಲ.' 33 ಇದ್ದ ಅಂಕ 20ಕ್ಕೆ ಇಳಿದಿರುತ್ತದೆ. ಕಾಗದದ ಮೇಲೆ ಸುಧಾರಣೆ, ಬದುಕು ಮಾತ್ರ ಲೈನ್ ಮನೆಯಷ್ಟಕ್ಕೆ (ಎಸ್ಟೇಟ್ ಕೆಲಸದವರ ಸಾಲುಮನೆ) ಕುಗ್ಗಿದೆ.

ಈ ಕೊರತೆ ಗಮನಿಸಿಯೇ 2020ರಲ್ಲಿ ಹಲವು ದೇಶಗಳ ರೋಗಿಗಳು, ಸರ್ಜನ್‌ಗಳು, ಇತರ ತಜ್ಞರು ಸೇರಿ ಲಾರ್ಸ್‌ಗೆ ಹೊಸ ವ್ಯಾಖ್ಯೆ ಕೊಟ್ಟರು. ಎಂಟು ಲಕ್ಷಣಗಳು, ಎಂಟು ಪರಿಣಾಮಗಳು. ಒಂದು ಲಕ್ಷಣ ಇದ್ದು, ಅದರಿಂದ ಒಂದು ಪರಿಣಾಮವಾದರೂ ಆಗುತ್ತಿದ್ದರೆ ಅದು ಲಾರ್ಸ್. ಪರಿಣಾಮಗಳ ಪಟ್ಟಿಯಲ್ಲಿ ಟಾಯ್ಲೆಟ್ ಬಿಟ್ಟು ದೂರ ಹೋಗಲಾಗದಿರುವುದು, ಸದಾ ಅದರದ್ದೇ ಯೋಚನೆ, ಗಂಡ-ಹೆಂಡಿರ ಸಂಬಂಧ, ಹೊಂದಾಣಿಕೆ ಮಾಡಿಕೊಂಡು ಬಿಟ್ಟುಕೊಟ್ಟ ವಿಷಯಗಳು, ಎಲ್ಲ ಇವೆ.

ಬ್ಯಾಗ್ ತಪ್ಪಿದ್ದೇ ಗೆಲುವೇ?

ಇಲ್ಲಿ ಪೇಪರಿನ ತಲೆಬರಹಕ್ಕೆ ಬರೋಣ. ಶಾಶ್ವತ ಬ್ಯಾಗ್ ತಪ್ಪಿಸಿದ್ದನ್ನು ಗೆಲುವು ಅಂತಲೇ ಬರೆಯುತ್ತಾರೆ. ಹೆಚ್ಚಿನ ರೋಗಿಗಳಿಗೂ ಬ್ಯಾಗ್ ಅಂದರೆ ಭಯ, ಅದು ಸಹಜ. ಆದರೆ ಬ್ಯಾಗ್ ಇರುವವರು, ಕರುಳು ಜೋಡಿಸಿಕೊಂಡವರು, ಈ ಎರಡೂ ಗುಂಪಿನ ಬದುಕಿನ ಗುಣಮಟ್ಟ ಹೋಲಿಸಿದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶೆ ಒಟ್ಟಿಗೆ ನೋಡಿದಾಗ, ಬ್ಯಾಗ್ ಇರುವವರ ಬದುಕೇ ಕೆಟ್ಟದು ಎಂದು ಗಟ್ಟಿಯಾಗಿ ಹೇಳೋಕೆ ಆಧಾರ ಸಿಗಲಿಲ್ಲ. ಗೆಡ್ಡೆ ತೀರಾ ಕೆಳಗಿದ್ದು, ರೇಡಿಯೇಷನ್ನೂ ಆಗಿ, ಮಲದ್ವಾರದ ಸ್ನಾಯು ಮೊದಲೇ ಸಡಿಲವಿದ್ದವರಿಗೆ ಜೋಡಿಸಿದ ಕರುಳಿಗಿಂತ ಬ್ಯಾಗ್ ಜಾಸ್ತಿ ಸ್ವಾತಂತ್ರ್ಯ ಕೊಡಬಹುದು. ವಯಸ್ಸು, ಗೆಡ್ಡೆಯ ಎತ್ತರ, ರೇಡಿಯೇಷನ್ ಇತ್ಯಾದಿ ಹಾಕಿ ಆಪರೇಷನ್‌ಗೆ ಮುಂಚೆಯೇ ಲಾರ್ಸ್ ಅಂದಾಜು ಮಾಡುವ 'ಪೋಲಾರ್ಸ್' ಎಂಬ ಲೆಕ್ಕಾಚಾರವೂ ಇದೆ. ನಿಖರ ಭವಿಷ್ಯ ಅದು ಹೇಳುವುದಿಲ್ಲ. ಮಾತಾಡೋಕೆ ಒಂದು ಆಧಾರ ಕೊಡುತ್ತದೆ.

ಸರ್ಜನ್‌ಗಳ ಕಡೆಯ ವಾದವನ್ನೂ ಕೇಳಬೇಕು. ಮೊದಲು ಜೀವ, ಆಮೇಲೆ ಉಳಿದದ್ದು ಎಂಬುದು ಅವರ ಮಾತು. ತಪ್ಪಲ್ಲ. ಹೆದರಿ ಆಪರೇಷನ್ನೇ ಬೇಡ ಅಂದು ನಾಟಿ ಔಷಧಿಗೆ ಹೋಗಿ ಆರು ತಿಂಗಳು ಕಳೆದು ಬಂದರೆ ಯಾವ ಅಂಕವೂ ಉಪಯೋಗಕ್ಕಿಲ್ಲ. ಆದರೆ ಮುಂದೆ ಏನಾಗಬಹುದು ಎಂದು ಮೊದಲೇ ತಿಳಿಸಿದರೆ ರೋಗಿ ಓಡಿಹೋಗುತ್ತಾನೆ ಎಂಬ ಭಯಕ್ಕೆ ನನ್ನ ಪ್ರಕಾರ ಅಷ್ಟು ಬೆಲೆ ಕೊಡಬೇಕಿಲ್ಲ. ಹೇಳದೆ ಇದ್ದರೆ ಮನೆಗೆ ಬಂದಮೇಲೆ ದಿನಕ್ಕೆ ಹತ್ತು ಸಲ ಓಡುವಾಗ 'ಕ್ಯಾನ್ಸರ್ ಮತ್ತೆ ಬಂತು' ಅಂತ ನಡುಗುತ್ತಾರೆ. ಅದು ಇನ್ನೂ ಕಷ್ಟ.

ಕನ್ನಡದಲ್ಲಿ ಕೇಳುವುದು, ಲೈನ್ ಮನೆಯಲ್ಲಿ ಕೇಳುವುದು

ಡೆನ್ಮಾರ್ಕ್‌ನ ಪ್ರಶ್ನೆಯನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದರೆ ಸಾಲದು. 'ಮಲ ವಿಸರ್ಜನೆ' ಅಂದರೆ ಫಾರಂನಲ್ಲಿ ಚೆಂದ, ಬಾಯಲ್ಲಿ ಯಾರೂ ಅನ್ನೋಲ್ಲ. 'ಹೊರಗೆ ಹೋಗ್ತೀರಾ' ಅಂದರೆ ಪೇಟೆಗೆ ಹೋಗುವುದೂ ಆಗಬಹುದು. 'ಹೊರಗಾಗುವುದು' ಅಂದರೆ ಹೆಂಗಸರಿಗೆ ಮುಟ್ಟು. 'ಅರ್ಜೆಂಟ್ ಆಗುತ್ತಾ' ಅಂದರೆ ಒಂದಕ್ಕೋ ಎರಡಕ್ಕೋ ಅಂತ ಕೇಳಬೇಕು. 'ಮೋಷನ್' ಎಲ್ಲರಿಗೂ ಗೊತ್ತು, ಆದರೆ 'ಮೋಷನ್ ಆಗುತ್ತಿದೆ' ಅಂದರೆ ಕೆಲವರಿಗೆ ಭೇದಿ. ಅದಕ್ಕೇ ಇಂಥ ಪ್ರಶ್ನಾವಳಿಗಳನ್ನು ಒಂದು ಭಾಷೆಗೆ ತರುವಾಗ ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡುತ್ತಾರೆ, ಇನ್ನೊಬ್ಬರು ಅದನ್ನು ಮೂಲ ಭಾಷೆಗೆ ಮರಳಿಸಿ ನೋಡುತ್ತಾರೆ. ಆಮೇಲೆ ರೋಗಿಗಳ ಜೊತೆ ಕೂತು 'ಈ ಪ್ರಶ್ನೆಯಿಂದ ನಿಮಗೇನು ಅರ್ಥವಾಯಿತು' ಎಂದು ಕೇಳುತ್ತಾರೆ.

ಕೊಡಗಿನಲ್ಲಿ ಇದು ಇನ್ನೂ ಒಂದು ಸುತ್ತು ಜಾಸ್ತಿ. ಒಂದೇ ವಾರ್ಡಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು, ಯರವ ಭಾಷೆ ಮಾತಾಡುವವರು ಇರಬಹುದು. ಕನ್ನಡ ಹಲವರಿಗೆ ವ್ಯವಹಾರದ ಭಾಷೆ. ನಾಚಿಕೆಯ ವಿಷಯ ವ್ಯವಹಾರದ ಭಾಷೆಯಲ್ಲಿ ಸುಲಭವಾಗಿ ಬರುವುದಿಲ್ಲ. ಮಗ ಪಕ್ಕದಲ್ಲಿ ಕೂತು ಅಮ್ಮನ ಫಾರಂ ತುಂಬಿದರೆ ಗಾಳಿಯ ಪ್ರಶ್ನೆಗೆ 'ಇಲ್ಲ' ಅಂತಲೇ ಟಿಕ್ ಬೀಳುತ್ತದೆ.

ಇನ್ನು ಜಾಗದ ಮಾತು. ಅಟ್ಯಾಚ್ಡ್ ಬಾತ್‌ರೂಮ್ ಇರುವ ಮನೆಯಲ್ಲಿ ಅವಸರ ಅಂದರೆ ನಾಲ್ಕು ಹೆಜ್ಜೆ. ಲೈನ್ ಮನೆಯಲ್ಲಿ ನಾಲ್ಕೈದು ಕುಟುಂಬಕ್ಕೆ ಸೇರಿದ ಟಾಯ್ಲೆಟ್ ಅಂಗಳದಾಚೆ ಇದ್ದರೆ, ಆಷಾಢದ ಮಳೆಯಲ್ಲಿ, ರಾತ್ರಿ ಎರಡು ಗಂಟೆಗೆ, ಟಾರ್ಚ್ ಹಿಡಿದು, ಜಾರುವ ಕಲ್ಲಿನ ಮೇಲೆ ಓಡಬೇಕು. ಹೋಗಿ ನೋಡಿದರೆ ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಇಬ್ಬರ ಅಂಕವೂ 33 ಇರಬಹುದು.

ಅಂಕ ಸಿಕ್ಕಮೇಲೆ

ಸುಮ್ನೆ ಅಳೆದು ಫೈಲಿನಲ್ಲಿಟ್ಟರೆ ಏನು ಪ್ರಯೋಜನ? ಮಾಡೋಕೆ ಕೆಲಸ ಇದೆ. ಯಾವ ಆಹಾರಕ್ಕೆ ಹೊಟ್ಟೆ ಕೆಡುತ್ತದೆ ಎಂದು ಬರೆದಿಟ್ಟುಕೊಳ್ಳುವುದು, ಇಸಬಗೋಲು, ಡಾಕ್ಟರ್ ಹೇಳಿದಂತೆ ಭೇದಿ ತಡೆಯುವ ಲೋಪೆರಮೈಡ್ ಮಾತ್ರೆ. ಆಮೇಲೆ ಮಲದ್ವಾರದ ಸುತ್ತಲಿನ ಸ್ನಾಯುಗಳಿಗೆ ಫಿಸಿಯೋಥೆರಪಿ. ಅದಕ್ಕೂ ಬಗ್ಗದಿದ್ದರೆ ಬೆಚ್ಚಗಿನ ನೀರಿನಿಂದ ಕರುಳನ್ನು ಗೊತ್ತಾದ ಹೊತ್ತಿಗೆ ತೊಳೆದು ಖಾಲಿ ಮಾಡಿಕೊಳ್ಳುವ ವಿಧಾನ. ಇದನ್ನು ಆಸ್ಪತ್ರೆಯಲ್ಲಿ ಕಲಿತ ಮೇಲೇ ಮಾಡಬೇಕು. ದೊಡ್ಡ ಕೇಂದ್ರಗಳಲ್ಲಿ ಬೆನ್ನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವುದೂ ಇದೆ. ಕೊನೆಯ ದಾರಿಯಾಗಿ ಕೆಲವರು ತಾವಾಗಿಯೇ ಬ್ಯಾಗ್ ಕೇಳುತ್ತಾರೆ.

ರೋಗಿಯ ಮಾತನ್ನು ಕ್ರಮವಾಗಿ ಕೇಳಿದರೆ ಬರೀ ಸಮಾಧಾನ ಸಿಗುತ್ತದೆ ಅಂದುಕೊಳ್ಳಬೇಡಿ. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಮಂದಿ ಇದ್ದರು. ಕೆಲವರು ತಮ್ಮ ತೊಂದರೆಗಳನ್ನು ನಿಯಮಿತವಾಗಿ ಕಂಪ್ಯೂಟರ್‌ನಲ್ಲಿ ಹೇಳಿಕೊಂಡರು, ಹೆಚ್ಚಾದರೆ ನರ್ಸ್‌ಗೆ ಸೂಚನೆ ಹೋಗುತ್ತಿತ್ತು. ಉಳಿದವರಿಗೆ ಮಾಮೂಲಿ ಆರೈಕೆ. ಮೊದಲ ಗುಂಪಿನಲ್ಲಿ ಅರ್ಧದಷ್ಟು ಮಂದಿ 31 ತಿಂಗಳಿಗಿಂತ ಹೆಚ್ಚು ಬದುಕಿದರು, ಎರಡನೆಯದರಲ್ಲಿ ಅರ್ಧದಷ್ಟು ಮಂದಿ 26 ತಿಂಗಳಿಗಿಂತ ಹೆಚ್ಚು. ಇದು ಕರುಳಿನ ಲಾರ್ಸ್ ಬಗ್ಗೆ ಅಲ್ಲ, ಬೇರೆ ಬೇರೆ ಕ್ಯಾನ್ಸರ್‌ಗಳದ್ದು. ಆದರೆ ಕೇಳುವುದಕ್ಕೆ ತೂಕ ಇದೆ ಎಂದು ತೋರಿಸಿತು. ರೇಡಿಯೇಷನ್ ಬಿಡಬಹುದೇ ಎಂಬ 2023ರ ಅಧ್ಯಯನ ಕೂಡ ಗೆಡ್ಡೆಯ ಜೊತೆಗೆ ರೋಗಿಗಳೇ ಹೇಳಿದ ತೊಂದರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು.

ಅಪಾಯ ಇರುವುದು ಅಂಕವನ್ನು ರ್‍ಯಾಂಕ್ ಮಾಡಿದಾಗ. ಯಾವ ಆಸ್ಪತ್ರೆಯಲ್ಲಿ ಲಾರ್ಸ್ ಕಡಿಮೆ ಎಂದು ಪಟ್ಟಿ ಹಾಕಿದರೆ ಕೆಳಗಿನ ಗೆಡ್ಡೆಯ ಕಷ್ಟದ ಕೇಸುಗಳನ್ನು ಬೇರೆ ಕಡೆ ದಾಟಿಸುವ ಆಸೆ ಹುಟ್ಟುತ್ತದೆ. ಇಲ್ಲವೇ ಜೋಡಿಸಬಹುದಾದವರಿಗೂ ಬ್ಯಾಗ್ ಇಟ್ಟುಬಿಡಬಹುದು. ಬ್ಯಾಗ್ ಇದ್ದವರಿಗೆ ಲಾರ್ಸ್ ಅಂಕವೇ ಇರುವುದಿಲ್ಲ ನೋಡಿ! ಅಂಕ ಒಬ್ಬ ರೋಗಿಯನ್ನು ಅವರದೇ ಹಿಂದಿನ ಅಂಕಕ್ಕೆ ಹೋಲಿಸೋಕೆ ಚೆನ್ನಾಗಿ ಒದಗುತ್ತದೆ. ಆಸ್ಪತ್ರೆಗೆ ಆಸ್ಪತ್ರೆ ಹೋಲಿಸೋಕೆ ಅಷ್ಟು ಒದಗುವುದಿಲ್ಲ.

ಕೊಡಗಿನವರ ಮಟ್ಟಿಗೆ ತೊಡಕು ಸರಳವಾದದ್ದು. ಇಂಥ ಆಪರೇಷನ್‌ಗೆ ಜನ ಸಾಮಾನ್ಯವಾಗಿ ಮೈಸೂರು, ಮಂಗಳೂರು, ಬೆಂಗಳೂರಿಗೆ ಹೋಗುತ್ತಾರೆ. ಕೆಲವು ತಿಂಗಳಿಗೊಮ್ಮೆ ಅಲ್ಲಿಗೆ ಹೋದಾಗ ಸ್ಕ್ಯಾನ್ ನೋಡುತ್ತಾರೆ, ರಕ್ತ ತೆಗೆಯುತ್ತಾರೆ. ಆ ದಿನ ರೋಗಿ ಹೊಟ್ಟೆ ಖಾಲಿ ಇಟ್ಟುಕೊಂಡೇ ಬಂದಿರುತ್ತಾರೆ. ಐದು ಪ್ರಶ್ನೆಗಳಿಗೆ ಸ್ಕ್ಯಾನರ್ ಬೇಡ, ಬಸ್ಸೂ ಬೇಡ. ರೋಗಿಯ ಭಾಷೆ ಬಲ್ಲ ನರ್ಸ್ ಒಬ್ಬರು ಮಡಿಕೇರಿಯಲ್ಲಿ ಕೂತು ಫೋನಿನಲ್ಲಿ ಕೆಲವೇ ನಿಮಿಷದಲ್ಲಿ ಕೇಳಬಹುದು, ಆರನೆಯದಾಗಿ 'ಇದರಿಂದ ಏನೇನು ಬಿಟ್ಟಿದ್ದೀರಿ' ಎಂದೂ ಸೇರಿಸಬಹುದು. ಜುಲೈನಲ್ಲಿ, ಮಳೆಗೆ ಮನೆಯೊಳಗೇ ಇರುವಾಗ ಕೇಳಿದರೆ ಒಂದು ಉತ್ತರ. ಜನವರಿಯಲ್ಲಿ, ಕೊಯ್ಲಿಗೆ ತೋಟದೊಳಗೆ ದಿನವಿಡೀ ನಿಲ್ಲಬೇಕಾದಾಗ ಕೇಳಿದರೆ ಇನ್ನೊಂದು. ಎರಡನ್ನೂ ಬರೆದಿಟ್ಟುಕೊಂಡು ಡಾಕ್ಟರ್ ಹತ್ತಿರ ಹೋಗಬೇಕು.